ಹಲ್ಲಣ್ಣನ ಗುಂಡಿನಾಟ

ಈ ಊರಿನಲ್ಲಿ ಎಷ್ಟೋ ಜನ ಹಲ್ಲಣ್ಣನ ಹೆಸರನ್ನೇ ಕೇಳದೆ, ದಿನಾ ಅವನ ಕೈಕೆಲಸದಿಂದ ಊಟ ಮಾಡುತ್ತಾರೆ. ಅವರಿಗೆ ಗೊತ್ತಿರುವುದು ದಂತವೈದ್ಯರು ಮಾತ್ರ. ವೈದ್ಯರು ಬಾಯಿಯ ಅಚ್ಚು ತೆಗೆದು ಎಲ್ಲಿಗೋ ಕಳಿಸುತ್ತಾರೆ, ಸ್ವಲ್ಪ ದಿನ ಬಿಟ್ಟು ಹಲ್ಲಿನ ಸೆಟ್ ಬರುತ್ತದೆ. ಆ ‘ಎಲ್ಲಿಗೋ’ ಎನ್ನುವ ಜಾಗ ನನ್ನ ಗೆಳೆಯನ ಮನೆಯ ಮಹಡಿ. ಹೊರಗಿನಿಂದ ಕಿರಿದಾದ ಮೆಟ್ಟಿಲು. ಒಳಗೆ ಕಿಟಕಿಯ ಉದ್ದಕ್ಕೂ ಮರದ ಮೇಜು, ಕೊಕ್ಕರೆಯ ಹಾಗೆ ಕತ್ತು ಬಗ್ಗಿಸಿದ ದೀಪ, ಮೇಣ ಕಾಯಿಸಲು ನೀಲಿ ಉರಿಯ ಪುಟ್ಟ ಒಲೆ, ಬಿಳುಪಿನಿಂದ ಹಳದಿಯವರೆಗೆ ಬಣ್ಣದ ಪ್ರಕಾರ ಹಲ್ಲು ತುಂಬಿಟ್ಟ ಡ್ರಾಯರುಗಳು. ಗೋಡೆಯ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತಿದ್ದವು. ಮೊದಲ ಸಲ ಬಂದವರಿಗೆ ಒಂದು ಇಡೀ ಸಭೆಯೇ ತಮ್ಮನ್ನು ನೋಡಿ ಬಾಯಿ ಬಿಟ್ಟ ಹಾಗೆ ಅನ್ನಿಸುತ್ತಿತ್ತು.

ಹಲ್ಲಣ್ಣ ಎಂಬ ಹೆಸರು ಕಸುಬಿನಿಂದ ಬಂದದ್ದಲ್ಲ. ಶಾಲೆಯಲ್ಲಿ ಅವನ ಮುಂದಿನ ಹಲ್ಲುಗಳು ಅವನಿಗಿಂತ ಮೊದಲೇ ತರಗತಿಯೊಳಗೆ ಬರುತ್ತಿದ್ದವು, ಅದಕ್ಕೆ ನಾವು ಇಟ್ಟದ್ದು. ಮುಂದೆ ಹಲ್ಲಿನ ಕೆಲಸವನ್ನೇ ಹಿಡಿದಾಗ ಅವನೇ ನಕ್ಕಿದ್ದ: “ಹೆಸರಿಟ್ಟೋರು ನೀವು. ನಾನು ಅದನ್ನೇ ಹೊಟ್ಟೆಪಾಡು ಮಾಡ್ಕೊಂಡೆ.” ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. “ನೀನು ಜನರ ಬಾಯಿಂದ ಬಂದದ್ದನ್ನ ತಿದ್ತೀಯ, ನಾನು ಬಾಯನ್ನೇ ತಿದ್ತೀನಿ. ಯಾರು ದೊಡ್ಡೋರು ನೀನೇ ಹೇಳು,” ಎನ್ನುತ್ತಿದ್ದ. ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ, ಅವರು ನನ್ನನ್ನು ಅಣ್ಣ ಎನ್ನುತ್ತಾರೆ. ಸಂಬಂಧದ ಲೆಕ್ಕ ಎಲ್ಲೂ ಕೂಡುವುದಿಲ್ಲ. ಅದರಿಂದ ಯಾರ ಟೀಯೂ ತಣ್ಣಗಾಗಲಿಲ್ಲ.

ಕಳೆದ ಚಳಿಗಾಲದಲ್ಲಿ ಅವನು ತೀರಿಕೊಂಡ. ಅವನ ಬಗ್ಗೆ ಬರೆಯಲು ಕೂತರೆ ಅವನ ಕೈಯಲ್ಲಿ ಮೇಣದ ಚಾಕುವಿನ ಜೊತೆಗೆ ಒಂದು ಬಂದೂಕೂ ಕಾಣುತ್ತದೆ. ಟಿವಿಯೊಳಗಿನ ಬಂದೂಕು. ಅದನ್ನು ಬಿಟ್ಟು ಅವನನ್ನು ಹೇಳಲು ನನ್ನಿಂದಾಗುವುದಿಲ್ಲ.

ಅವರಿಗೆ ಒಬ್ಬಳೇ ಮಗಳು. ಚಿಕ್ಕಂದಿನಲ್ಲಿ ಬಾಯಿಗೆ ಬಿಡುವೇ ಕೊಡದೆ ಚಿಲಿಪಿಲಿ ಎನ್ನುತ್ತಿದ್ದಳೆಂದು ಗುಬ್ಬಿ ಎಂದು ಕರೆದರು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಗುಬ್ಬಿಗೆ ಶೂಟಿಂಗ್ ಗೇಮಿನ ಹುಚ್ಚು ಹಿಡಿಯಿತು. ನೋಡದವರಿಗಾಗಿ ಹೇಳುತ್ತೇನೆ: ಈ ಆಟದಲ್ಲಿ ಆಡುವವರ ಕಣ್ಣೇ ಕ್ಯಾಮೆರಾ. ಪರದೆಯ ಕೆಳಗಿನಿಂದ ಎರಡು ಕೈ ಚಾಚಿಕೊಂಡಿರುತ್ತವೆ, ಆ ಕೈಗಳಲ್ಲೊಂದು ಬಂದೂಕು. ನಮ್ಮ ಮುಖ ನಮಗೆ ಕಾಣುವುದಿಲ್ಲ. ಮುಂದೆ ಬೀದಿ, ಬೆಟ್ಟ, ಪಾಳುಮನೆ, ಮತ್ತು ಎಲ್ಲೆಲ್ಲೋ ತಮ್ಮ ತಮ್ಮ ಮನೆಯಲ್ಲಿ ಕೂತು ನಮ್ಮನ್ನು ಹೊಡೆಯಲು ಹೊಂಚುತ್ತಿರುವ ಅಪರಿಚಿತರು. ಅದರೊಳಗೆ ಹೊಕ್ಕಮೇಲೆ ಗುಬ್ಬಿಗೆ ಕೂಗಿದ್ದು ಕೇಳುತ್ತಿರಲಿಲ್ಲ, ಒಲೆಯ ಮೇಲೆ ಹಾಲು ಉಕ್ಕಿದ್ದು ಕಾಣುತ್ತಿರಲಿಲ್ಲ. ಆ ವರ್ಷ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಳು.

“ನಿಮ್ಮ ಮಗಳಿಗೆ ಹೇಳಿ,” ಎಂದರು ಅತ್ತಿಗೆ. ಅದು ಅವರ ಹಳೆಯ ಅಭ್ಯಾಸ. ಮಗಳ ಮೇಲೆ ಸಿಟ್ಟು ಬಂದರೆ ಮಾತು ಗಂಡನ ಮೂಲಕವೇ ಹೋಗಬೇಕು, ಮಗಳು ಎದುರಿಗೇ ನಿಂತಿದ್ದರೂ ಸರಿ. ಹಲ್ಲಣ್ಣ ಗೇಮಿನ ಪೆಟ್ಟಿಗೆಯನ್ನು ವಯರ್ ಸಮೇತ ಎತ್ತಿಕೊಂಡು ಹೋಗಿ, ಮಹಡಿಯಲ್ಲಿ ಪ್ಲಾಸ್ಟರ್ ಚೀಲಗಳನ್ನಿಡುವ ಬೀರುವಿನೊಳಗಿಟ್ಟು ಬೀಗ ಹಾಕಿದ. ಕೆಳಗಿಳಿದು ಬಂದು, “ಮನುಷ್ಯರನ್ನ ಕೊಲ್ಲೋದೂ ಒಂದು ಆಟಾನಾ?” ಎಂದಷ್ಟೇ ಕೇಳಿದ.

ಮುಂದಿನ ವರ್ಷ ಅವಳು ಪಾಸಾದಳು. ನರ್ಸಿಂಗ್ ಓದಿದಳು, ದೂರದ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಪೆಟ್ಟಿಗೆಯನ್ನು ಹೊರತೆಗೆಯುವುದು ಎಲ್ಲರಿಗೂ ಮರೆತೇಹೋಯಿತು. ಅವಳು ಫೋನ್ ಮಾಡುತ್ತಿದ್ದಳು, ತಪ್ಪಿಸುತ್ತಿರಲಿಲ್ಲ. “ಊಟ ಆಯ್ತಾ?” “ಹೂಂ.” “ಆರೋಗ್ಯ?” “ಹೂಂ.” “ರಜೆ ಯಾವಾಗ?” “ನೋಡ್ಬೇಕು.” ಒಮ್ಮೆ ನನ್ನೆದುರಿಗೇ ಫೋನ್ ಕೆಳಗಿಟ್ಟ ಹಲ್ಲಣ್ಣ, “ಹಲ್ಲೇ ಇಲ್ಲದೋರು ಇದಕ್ಕಿಂತ ಜಾಸ್ತಿ ಮಾತಾಡ್ತಾರೆ ಕಣೋ,” ಎಂದ. ತಮಾಷೆಗೆಂದೇ ಹೇಳಿದ್ದು, ಆದರೆ ಆಮೇಲೆ ಬಹಳ ಹೊತ್ತು ಒಂದೇ ದವಡೆಯನ್ನು ಉಜ್ಜುತ್ತ ಕೂತ.

ಅದಾಗಿ ಎಷ್ಟೋ ದಿನಗಳ ಮೇಲೆ ಬೀರು ಒರಸುವಾಗ ಪೆಟ್ಟಿಗೆ ಕೈಗೆ ಸಿಕ್ಕಿತು. ಬಿಳಿ ಪುಡಿ ಮೆತ್ತಿಕೊಂಡು ಅದೂ ಒಂದು ದವಡೆಯ ಹಾಗೇ ಕಾಣುತ್ತಿತ್ತಂತೆ. ಮಗಳಿಗೆ ಫೋನ್ ಮಾಡಿ, ಇದನ್ನೇನು ಮಾಡಲಿ ಎಂದು ಕೇಳಿದ. ಯಾರಿಗಾದರೂ ಕೊಟ್ಟುಬಿಡು ಎಂದಳು. ಕೊಡುವ ಮುಂಚೆ ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಲ್ಲ, ಹೇಗೆ ಹಾಕುವುದು ಹೇಳು ಎಂದ. ಗುಬ್ಬಿ ಹೇಳತೊಡಗಿದಳು. ಯಾವ ವಯರ್ ಯಾವ ತೂತಿಗೆ, ಯಾವ ಗುಂಡಿ ಒತ್ತಿದರೆ ಏನು.

“ಹೇಳ್ತಾ ಹೇಳ್ತಾ ಅವಳ ದನಿ ಹಳೇದಾಯ್ತು ಕಣೋ,” ಎಂದು ನನಗೆ ವರದಿ ಕೊಟ್ಟ. “ಆ ಚಿಲಿಪಿಲಿ ವಾಪಸ್ ಬಂತು. ನನಗೆ ಮೊದಲನೇ ಸಲಕ್ಕೇ ಗೊತ್ತಾಗಿತ್ತು. ಆದ್ರೂ ಗೊತ್ತಾಗ್ಲಿಲ್ಲ, ಇನ್ನೊಂದು ಸಲ ಹೇಳು ಅಂದೆ.”

ಅವನ ಗುಂಡಿನಾಟ ಶುರುವಾದದ್ದು ಹೀಗೆ. ಗುಬ್ಬಿಯ ಬಳಿ ಅಲ್ಲೊಂದು ಹೊಸ ಪೆಟ್ಟಿಗೆ ಇತ್ತು, ಅವಳು ಆ ಆಟವನ್ನು ಬಿಟ್ಟೇ ಇರಲಿಲ್ಲ. ಬೆಳಗಿನ ಪಾಳಿ ಮುಗಿಸಿ ಅವಳು ರೂಮಿಗೆ ಬರುವುದು ಮಧ್ಯಾಹ್ನದ ಊಟದ ಹೊತ್ತಿಗೆ. ಆದ್ದರಿಂದ ಹಲ್ಲಣ್ಣ ಹಳೆಯ ಟಿವಿಯೊಂದನ್ನು ಮಹಡಿಗೆ ಹೊತ್ತು ತಂದು ದವಡೆಗಳ ಹಲಗೆಯ ಕೆಳಗಿಟ್ಟ. ಆಟದಲ್ಲಿ ಅವನಿಗೊಂದು ಹೆಸರು ಬೇಕಿತ್ತು, ಮಗಳು ಹಲ್ಲಣ್ಣ ಎಂದೇ ಬರೆದಳು. ಮೇಜಿನ ಮೇಲೆ ಮೇಣ ಆರುತ್ತಿರುವಾಗ ಅವನು ಬಾಗಿಲಿಗೆ ‘ಊಟದ ಸಮಯ’ ಎಂಬ ಬೋರ್ಡು ನೇತುಹಾಕಿ ಯುದ್ಧಕ್ಕೆ ಹೊರಡುತ್ತಿದ್ದ.

ನಾನಿದ್ದಾಗ ಹೆಚ್ಚಾಗಿ ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕುತ್ತಿದ್ದ. ಹಾಗಾಗಿ ಅಪ್ಪ ಮಗಳ ಮಾತು ನಾನೂ ಕೇಳಿದ್ದೇನೆ.

“ಅಪ್ಪಾ, ಎಲ್ಲಿದೀಯ? ಯಾಕೆ ಗೋಡೆ ನೋಡ್ತಾ ನಿಂತಿದೀಯ?”

“ಗೋಡೆ ಚೆನ್ನಾಗಿದೆ. ಪ್ಲಾಸ್ಟರ್ ಕೆಲಸ ಅಚ್ಚುಕಟ್ಟಾಗಿ ಮಾಡಿದಾರೆ.”

“ಅಯ್ಯೋ ದೇವ್ರೇ. ತಿರುಗು. ತಿರುಗು. ಅದು ನಾನು! ನನಗೇ ಹೊಡೀತಿದೀಯಲ್ಲಪ್ಪ!”

“ನಿನ್ನ ಮುಖ ಎಲ್ಲಿ ಕಾಣುತ್ತೆ? ಹೆಲ್ಮೆಟ್ ತೆಗೆದು ಬಾ ಅತ್ಲಾಗೆ.”

ಇಬ್ಬರೂ ಆಟದ ಬೀದಿಯಲ್ಲಿನ ನೀರಿನ ಟ್ಯಾಂಕಿನ ಹಿಂದೆ ಅವಿತು ಕೂತ ಮೇಲೆ ಸ್ವಲ್ಪ ಸದ್ದಡಗುತ್ತಿತ್ತು. ಒಂದು ದಿನ ಹಾಗೆ ಕೂತಾಗ ಗುಬ್ಬಿ ತಾನಾಗಿಯೇ ಶುರುಮಾಡಿದಳು: “ಇವತ್ತು ವಾರ್ಡಲ್ಲಿ ಒಬ್ಬರು ತಾತ ಹೋಗ್ಬಿಟ್ರಪ್ಪ. ಬೆಳಗ್ಗೆ ನನ್ನ ಕೈ ಹಿಡ್ಕೊಂಡು, ನೀನು ನನ್ನ ಮೊಮ್ಮಗಳ ಥರಾನೇ... ಎಡಗಡೆ! ಎಡಗಡೆ ಒಬ್ಬ, ಹೊಡಿ!”

“ಹೊಡೆದೆ. ಆಮೇಲೆ?”

“ಮೊಮ್ಮಗಳ ಥರಾನೇ ಇದೀಯ ಅಂದ್ರು. ಅವರ ಮನೆಯೋರು ಬರೋ ಹೊತ್ತಿಗೆ...” ಎಂದು ಅವಳು ಮುಂದುವರಿಸಿದಳು. ಹಲ್ಲಣ್ಣ ಪರದೆಯಿಂದ ಕಣ್ಣು ಕೀಳದೆ, ಬಂದೂಕು ಎತ್ತಿ ಹಿಡಿದುಕೊಂಡೇ, ಪ್ರತಿ ಮಾತಿಗೂ “ಆಮೇಲೆ?” ಎಂದ. ಊಟದ ಮೇಜಿನೆದುರು ಕೂತಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ ಎಂದು ನನಗೆ ಆಗ ಅನ್ನಿಸಿತು. ಅವನಿಗೂ ಗೊತ್ತಿತ್ತು. “ಎದುರುಬದುರು ಕೂತರೆ ನಾಚಿಕೆ ಆಗುತ್ತೆ ಕಣೋ. ಪಕ್ಕಪಕ್ಕ ಅವಿತುಕೊಂಡಿದ್ರೆ ಮಾತು ತಾನಾಗಿ ಬರುತ್ತೆ,” ಎಂದ.

ಆ ಆಟದಲ್ಲಿ ಅಂಥದ್ದೇನಿದೆ ಎಂದು ನಾನು ಬಹಳ ಸಲ ಕೇಳಿದೆ. ನನ್ನ ಕೈಗೂ ಒಮ್ಮೆ ಆ ಗುಂಡಿಗಳ ಕಂಟ್ರೋಲರ್ ಕೊಟ್ಟು ನೋಡಿದ. ನಾಲ್ಕು ಹೆಜ್ಜೆ ಓಡುವುದರೊಳಗೆ ನನಗೆ ತಲೆ ಸುತ್ತಿ, ಅವನ ಸ್ಟೂಲಿನ ಮೇಲೆ ಕುಸಿದೆ. ಅವನು ನಕ್ಕು ನೀರು ಕೊಟ್ಟು ಹೇಳಿದ: “ನೋಡು, ದಿನವೆಲ್ಲ ನನ್ನ ಕಣ್ಣಿಗೆ ಕಾಣೋದು ನನ್ನ ಎರಡು ಕೈ, ಅದರ ಮುಂದೆ ಯಾರದೋ ಬಾಯಿ. ಇಲ್ಲೂ ಅದೇ ಎರಡು ಕೈ. ಆದ್ರೆ ಕೈ ಮುಂದೆ ಬೆಟ್ಟ ಇದೆ, ರಸ್ತೆ ಇದೆ. ಓಡಬಹುದು. ನನ್ನ ಮಂಡಿ ನೀನು ನೋಡಿದೀಯಲ್ಲ, ಅದಕ್ಕೆ ಇದೊಂದೇ ಓಟ. ಮತ್ತೆ ಆ ಹೊತ್ತಲ್ಲಿ ಬೇರೆ ಯಾವ ಚಿಂತೆಯೂ ತಲೆಗೆ ಬರಲ್ಲ. ಜೀವಭಯ ಒಂದೇ. ಅದೂ ಸುಳ್ಳು ಜೀವಭಯ. ಎಷ್ಟು ಹಗುರ ಗೊತ್ತಾ?”

“ಆದ್ರೂ ಆ ಕಡೆ ಇರೋನೂ ಯಾರೋ ಒಬ್ಬ ಮನುಷ್ಯ ಅಲ್ವೇನೋ? ನೀನೇ ಹಿಂದೆ ಹೇಳ್ತಿದ್ದೆ.”

“ಅವನು ಸತ್ತಿಲ್ಲ ಮಾರಾಯ. ನನ್ನನ್ನ ಬೈಕೊಂಡು ನೀರು ಕುಡಿಯೋಕೆ ಎದ್ದು ಹೋಗಿದಾನೆ.”

ಇಷ್ಟೇ ಆಗಿದ್ದರೆ ನಾನು ಈ ಆಟಕ್ಕೆ ಕೈಮುಗಿದು ಸುಮ್ಮನಾಗುತ್ತಿದ್ದೆ. ಆದರೆ ಬರಬರುತ್ತ ಗುಬ್ಬಿ ಡ್ಯೂಟಿಯಲ್ಲಿದ್ದಾಗಲೂ ಅವನು ಆಡತೊಡಗಿದ. ಮಗಳಿಲ್ಲದಿದ್ದಾಗ ಜೊತೆಗೆ ಬರುವವರು ಯಾರ್ಯಾರೋ. ಯಾವ ಭಾಷೆಯಲ್ಲಿ ಬೈದರೂ ಬೈಗುಳ ಬೈಗುಳವೇ, ಅರ್ಥವಾಗಿಬಿಡುತ್ತದೆ. ಅವನೂ ಬೈಯುತ್ತಿದ್ದ. ಜೀವಮಾನದಲ್ಲಿ ಯಾರಿಗೂ ಗಟ್ಟಿಯಾಗಿ ಮಾತಾಡದವನು ಸ್ಪೀಕರಿನ ಜೊತೆ ಜಗಳಕ್ಕೆ ಬೀಳುತ್ತಿದ್ದ. ಸೋತರೆ, ಸೋತು ಹೇಗೆ ಬಿಡುವುದು, ಇನ್ನೊಂದು. ಗೆದ್ದರೆ, ಗೆಲ್ಲುತ್ತಿರುವಾಗ ಹೇಗೆ ಬಿಡುವುದು, ಇನ್ನೊಂದು. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ನನ್ನ ಜೊತೆ ಬೀದಿಯಲ್ಲಿ ನಡೆಯುವಾಗ ತಿರುವು ಬಂದರೆ ನಿಂತು, ಗೋಡೆಗೆ ಒರಗಿ, ಇಣುಕಿ ನೋಡಿ ಮುಂದೆ ಹೋಗುತ್ತಿದ್ದ. ಮೊದಲು ನಾವಿಬ್ಬರೂ ಅದಕ್ಕೆ ನಕ್ಕೆವು. ಆಮೇಲೆ ಅವನು ನಗುವುದನ್ನು ನಿಲ್ಲಿಸಿದ, ಇಣುಕುವುದನ್ನು ನಿಲ್ಲಿಸಲಿಲ್ಲ.

ಅತ್ತಿಗೆ ಮೇಲಕ್ಕೆ ಕಳಿಸಿದ ಡಬ್ಬಿ ಎಷ್ಟೋ ದಿನ ಹಾಗೇ ಕೆಳಗಿಳಿದು ಬರುತ್ತಿತ್ತು. “ಊಟದ ಸಮಯ ಅಂತ ಬೋರ್ಡ್ ಹಾಕ್ಕೊಂಡು ಊಟ ಮಾಡದೇ ಇರೋ ಮನುಷ್ಯ ಪ್ರಪಂಚದಲ್ಲಿ ಇವರೊಬ್ಬರೇ ಅಣ್ಣಾ,” ಎಂದು ನನ್ನ ಹತ್ತಿರ ಹೇಳಿಕೊಂಡರು. “ಮಗಳಿಗೆ ಹಾಕಿದ ಬೀಗ ಈಗ ಅಪ್ಪನಿಗೆ ಹಾಕ್ಬೇಕಾಗಿದೆ.”

ಆ ದಿನಗಳಲ್ಲೇ ಅವನಿಂದ ಆ ತಪ್ಪು ನಡೆಯಿತು.

ಹಲ್ಲಣ್ಣನ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಪೂರಾ ಸೆಟ್ ಕಟ್ಟುವಾಗ ಆ ವ್ಯಕ್ತಿ ನಗುತ್ತಿರುವ ಹಳೆಯ ಫೋಟೋ ಒಂದನ್ನು ತರಿಸಿಕೊಂಡು, ಮೇಜಿನ ಮುಂದೆ ಪಿನ್ನಿನಿಂದ ಸಿಕ್ಕಿಸಿ, ಅದನ್ನು ನೋಡಿಕೊಂಡೇ ಮೇಣದಲ್ಲಿ ಹಲ್ಲು ಜೋಡಿಸುತ್ತಿದ್ದ. ಒಂದು ಹಲ್ಲು ತುಸು ಓರೆಯಿದ್ದರೆ ಓರೆಯಾಗಿಯೇ ಕೂರಿಸುತ್ತಿದ್ದ. “ಮುತ್ತಿನ ಸಾಲು ಬೇಕಾದರೆ ಹಾರ ಹಾಕ್ಕೊಳ್ಳಿ. ಇದು ಬಾಯಿ,” ಎನ್ನುತ್ತಿದ್ದ.

ನಮ್ಮಿಬ್ಬರಿಗೂ ಶಾಲೆಯಲ್ಲಿ ಪಾಠ ಹೇಳಿದ ಟೀಚರಮ್ಮ ಆಗ ಸೆಟ್ ಕಟ್ಟಿಸಿಕೊಳ್ಳುವವರಿದ್ದರು. ಅವರ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿ ಇತ್ತು. ನಕ್ಕರೆ ಮೊದಲು ಕಾಣುವುದೇ ಅದು. ಆ ಸಂದಿ ಹಾಗೇ ಇರಲಿ ಎಂದು ಫೋಟೋದ ಜೊತೆ ಹೇಳಿ ಕಳಿಸಿದ್ದರು. ಅದೇ ಮಧ್ಯಾಹ್ನ ಮೇಜಿನ ಮೇಲೆ ಇನ್ನೊಂದು ಸೆಟ್ ಇತ್ತು, ಮೂಲೆಯ ಕ್ಷೌರದಂಗಡಿಯವರದು. ಹಲ್ಲಣ್ಣ ಮಡಿಲಲ್ಲಿ ಕಂಟ್ರೋಲರ್ ಇಟ್ಟುಕೊಂಡು, ಒಂದು ಮ್ಯಾಚ್ ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದ. ಸಂದಿ ಇಟ್ಟ, ಮರೆಯಲಿಲ್ಲ. ಆದರೆ ಕ್ಷೌರಿಕನ ಸೆಟ್ಟಿಗೆ ಇಟ್ಟ. ಎರಡೂ ಆಯಾ ದವಡೆಗೆ ಸರಿಯಾಗಿ ಕೂತವು. ಬಾಯಿಗೆ ಒಪ್ಪಿದೆಯೋ ಇಲ್ಲವೋ ನೋಡಿ ವೈದ್ಯರು ಕಳಿಸಿಬಿಟ್ಟರು.

ನಾನು ಮಹಡಿಯಲ್ಲಿದ್ದಾಗಲೇ ಮೊದಲು ಮೆಟ್ಟಿಲು ಹತ್ತಿ ಬಂದವರು ಕ್ಷೌರಿಕ. ಖುಷಿಯಾಗಿದ್ದರು. “ಸೂಪರ್ ಆಗಿದೆ ಹಲ್ಲಣ್ಣಾ! ನಡುವೆ ಈ ಸಂದಿ ಯಾಕೆ ಇಟ್ರಿ ಅಂತ ಮೊದಲು ತಿಳೀಲಿಲ್ಲ. ಆದ್ರೆ ಸೀಟಿ ಏನು ಬರುತ್ತೆ ರೀ!” ಎಂದು ಒಂದು ಉದ್ದನೆಯ ಸೀಟಿ ಹೊಡೆದು ತೋರಿಸಿದರು. ಹಲ್ಲಣ್ಣನ ಮುಖ ಅವನ ಪ್ಲಾಸ್ಟರಿಗಿಂತ ಬೆಳ್ಳಗಾಯಿತು.

ಟೀಚರಮ್ಮನ ಮನೆಗೆ ಹೋಗಿ ಕ್ಷಮೆ ಕೇಳಬೇಕೆಂದು ಅವನು ಅಂಗಿ ಬದಲಿಸುತ್ತಿರುವಾಗಲೇ ಅವರೇ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರು. ನಾವಿಬ್ಬರೂ ತರಗತಿಯಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತೆವು. ಅವರು ಮುಗುಳ್ನಕ್ಕರು. ಒಂದು ಕೊರತೆಯಿಲ್ಲದ ನೇರ ಸಾಲು.

“ತುಂಬಾ ಚೆನ್ನಾಗಿದೆಯಪ್ಪ,” ಎಂದರು. “ಯಾರದಿದು?”

ಹಲ್ಲಣ್ಣ ತಲೆ ತಗ್ಗಿಸಿದ.

“ಅಭ್ಯಾಸ ಆಗುತ್ತೆ ಅಂತ ಸುಮ್ಮನಿದ್ದೆ. ನನಗೇನೂ ತೊಂದರೆ ಇಲ್ಲ. ಆದ್ರೆ ನಮ್ಮ ಮನೆಯೋರಿಗೆ ಈಗೀಗ ನೆನಪು ಕೈಕೊಡ್ತಾ ಇದೆಯಲ್ಲ. ನಾನು ಟೀ ತಗೊಂಡು ಹೋಗಿ ನಕ್ಕರೆ, ‘ಕೂತ್ಕೊಳ್ಳಿ, ನನ್ನ ಹೆಂಡತಿ ಈಗ ಬರ್ತಾಳೆ’ ಅಂತಾರೆ.”

ಹಲ್ಲಣ್ಣ ಕೈಚಾಚಿದ. ಟೀಚರಮ್ಮ ಸೆಟ್ ತೆಗೆದು ಕೊಟ್ಟು, ಬಾಯಿಗೆ ಕರವಸ್ತ್ರ ಮರೆಮಾಡಿಕೊಂಡು ಕಿಟಕಿಯ ಬಳಿ ಕೂತರು. ಅವನು ಮುಂದಿನ ಎರಡು ಹಲ್ಲುಗಳನ್ನು ಬಿಡಿಸಿ, ಫೋಟೋ ನೋಡಿ, ಅಳೆದು, ಮತ್ತೆ ಅಳೆದು ಕೂರಿಸತೊಡಗಿದ. ಹಿಂದೆ ಟಿವಿ ಉರಿಯುತ್ತಲೇ ಇತ್ತು. ಅಲ್ಲಿ ಅವನ ಎರಡು ಕೈಗಳು ಬಂದೂಕು ಹಿಡಿದುಕೊಂಡು ಖಾಲಿ ಬೀದಿಯಲ್ಲಿ ಸುಮ್ಮನೆ ನಿಂತಿದ್ದವು. ಮೇಜಿನ ಮೇಲಿದ್ದ ಹೆಡ್‌ಫೋನಿನಿಂದ ಸೊಳ್ಳೆಯಷ್ಟು ಸಣ್ಣ ದನಿ ಬರುತ್ತಿತ್ತು: “ಅಪ್ಪಾ? ಅಪ್ಪಾ, ಇದೀಯಾ? ಅಪ್ಪಾ?”

“ಯಾರೋ ಕರೀತಿದಾರಲ್ಲಪ್ಪ,” ಎಂದರು ಟೀಚರಮ್ಮ ಕರವಸ್ತ್ರದ ಹಿಂದಿನಿಂದ.

“ಇರ್ಲಿ ಟೀಚರ್,” ಎಂದ. ಕತ್ತೆತ್ತಲಿಲ್ಲ.

ಕೆಲಸ ಮುಗಿದ ಮೇಲೆ ಅವರನ್ನು ಮನೆಯವರೆಗೂ ಬಿಟ್ಟುಬಂದ. ಬಂದವನೇ ಬಾಗಿಲಿನ ಬೋರ್ಡು ತೆಗೆದ, ಟಿವಿ ಆರಿಸಿದ, ಪೆಟ್ಟಿಗೆಯ ವಯರ್ ಸುತ್ತಿದ. ಏನಾಯಿತೆಂದು ನಾನು ಕೇಳಿದೆ. “ಬಾಗಿಲು ತೆಗೆದೋರು ಅವರೇ, ಯಜಮಾನ್ರು. ಟೀಚರ್ ನಕ್ಕರು. ‘ಎಲ್ಲಿ ಹೋಗಿದ್ದೆ ಇಷ್ಟು ಹೊತ್ತು?’ ಅಂತ ರೇಗಿದ್ರು,” ಎಂದ. ಆಮೇಲೆ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಹಲ್ಲಿನ ಡ್ರಾಯರಿನಲ್ಲಿಟ್ಟ.

ಮಗಳಿಗೆ ಕಾರಣ ಹೇಳಲಿಲ್ಲ. ನಾಚಿಕೆ. ಅವಳ ಪಾಲಿಗೆ ಒಂದು ಮಧ್ಯಾಹ್ನ ಅಪ್ಪ ನಡುಬೀದಿಯಲ್ಲಿ ಕಲ್ಲಿನಂತೆ ನಿಂತ, ಕರೆದರೆ ಓಗೊಡಲಿಲ್ಲ, ಮರುದಿನದಿಂದ ಬರಲೇ ಇಲ್ಲ. ಫೋನಿನಲ್ಲಿ ಮತ್ತೆ ‘ಹೂಂ’ ಶುರುವಾಯಿತು. ಕೊನೆಗೆ ಅವಳು ನನಗೆ ಫೋನ್ ಮಾಡಿದಳು.

“ಮಾಮ, ಅಪ್ಪ ಮತ್ತೆ ಬೀಗ ಹಾಕ್ಬಿಟ್ರಾ?”

ಅವಳ ದನಿಯಲ್ಲಿ ಕಾಲೇಜಿನ ಹುಡುಗಿಯೇ ಇದ್ದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. “ಅದನ್ನ ನನ್ನ ಹತ್ರ ಹೇಳೋಕೆ ಏನಾಗಿತ್ತು?” ಎಂದಳು. ಅಂದು ಸಂಜೆ ಅತ್ತಿಗೆಗೂ ಹೇಳಿದೆ. ಅವರು ಒಗೆದ ಬಟ್ಟೆ ಮಡಚುತ್ತಿದ್ದರು.

“ಹಾಳಾಗಿ ಹೋಗ್ಲಿ ಬಿಡಿ ಅಣ್ಣಾ ಆ ಆಟ. ಒಳ್ಳೇದೇ ಆಯ್ತು,” ಎಂದರು. ಇನ್ನೊಂದು ಬಟ್ಟೆ ಮಡಚಿದರು. “ಅವಳು ಇವರ ಹತ್ರ ವಾರ್ಡಿನ ವಿಷಯ ಎಲ್ಲ ಹೇಳ್ತಿದ್ಲಾ?”

“ಹೇಳ್ತಿದ್ಲು ಅತ್ತಿಗೆ. ಅತ್ತಿದ್ದೂ ಉಂಟು.”

“ನನ್ನ ಹತ್ರ ಹೇಳಲ್ಲ,” ಎಂದರು.

ಮಡಚಿದ ಬಟ್ಟೆಯನ್ನು ಅಲ್ಲೇ ಬಿಟ್ಟು ಮೇಲಕ್ಕೆ ಹೋದರು. ಡ್ರಾಯರುಗಳನ್ನು ಎಳೆದು ನೂಕುವ ಸದ್ದು ಕೆಳಗಿನವರೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯನ್ನು ಸೆರಗಿನಿಂದ ಒರಸುತ್ತ ಇಳಿದುಬಂದು ನಡುಮನೆಯ ಟಿವಿಯ ಪಕ್ಕ ಇಟ್ಟರು. ಹಿಂದೆಯೇ ಹಲ್ಲಣ್ಣ, ಬಾಲ ಸುಟ್ಟ ಬೆಕ್ಕಿನಂತೆ.

“ಕೇಳಿ ಇಲ್ಲಿ. ಭಾನುವಾರ ಬೆಳಗ್ಗೆ. ತಿಂಡಿ ಆದ್ಮೇಲೆ. ನಾನು ಅಡುಗೆಗೆ ಏಳೋವರೆಗೆ ಮಾತ್ರ. ಅವಳು ಇದ್ದರೆ ಆಟ, ಇಲ್ಲದಿದ್ರೆ ಇಲ್ಲ. ಮಹಡಿಗೆ ಇದು ಹತ್ತಿದ್ರೆ ನಾನು ಇಳಿಯೋಳಲ್ಲ, ಅಲ್ಲೇ ಕೂತ್ಬಿಡ್ತೀನಿ.”

“ಅಲ್ಲೇ ಕೂತು ಏನು ಮಾಡ್ತೀಯೆ?”

“ನಿಮ್ಮ ಹಲ್ಲೆಲ್ಲ ಎಣಿಸ್ತೀನಿ.”

ಹೀಗೆ ಭಾನುವಾರಗಳು ಬಂದವು. ಮಗಳೂ ಪಾಳಿ ಬದಲಾಯಿಸಿಕೊಂಡು ಭಾನುವಾರದ ಬೆಳಗ್ಗೆ ಬಿಡುವು ಮಾಡಿಕೊಂಡಳು. ಹಲ್ಲಣ್ಣ ಕುರ್ಚಿಯಲ್ಲಿ, ಅತ್ತಿಗೆ ಕೆಳಗೆ ಬಟಾಣಿಯ ಪಾತ್ರೆಯೊಂದಿಗೆ, ನಾನು ತಲೆ ಸುತ್ತದ ಹಾಗೆ ಟಿವಿಗೆ ಬೆನ್ನು ಹಾಕಿ ಪೇಪರಿನೊಂದಿಗೆ. ಅತ್ತಿಗೆ ಮೊದಮೊದಲು ನೋಡುತ್ತಿರಲಿಲ್ಲ. ಆಮೇಲೆ ಒಂದು ಕಣ್ಣು ಬಟಾಣಿಯ ಮೇಲೆ, ಒಂದು ಕಣ್ಣು ಪರದೆಯ ಮೇಲೆ. ಬಿದ್ದವರನ್ನು ಕಂಡರೆ “ಅಯ್ಯೋ, ಅವನ ತಾಯಿ ಎಲ್ಲಿದಾಳೋ,” ಎನ್ನುತ್ತಿದ್ದರು. ಆದರೆ ಆ ಬೀದಿಗಳು ಅವರಿಗೆ ತಮ್ಮ ಅಡುಗೆಮನೆಯಷ್ಟೇ ಪರಿಚಯವಾಗಿಬಿಟ್ಟವು.

“ನಿಮ್ಮ ಮಗಳಿಗೆ ಹೇಳಿ, ಬಲಗಡೆ ಮನೆ ಮೇಲಿನ ಕಿಟಕೀಲಿ ಒಬ್ಬ ಇದಾನೆ.”

ಸ್ಪೀಕರಿನೊಳಗಿನಿಂದ ಗುಬ್ಬಿ: “ಅಪ್ಪ, ಅಮ್ಮಂಗೆ ಥ್ಯಾಂಕ್ಸ್ ಹೇಳು.”

“ನಿಮ್ಮ ಮಗಳಿಗೆ ಹೇಳಿ, ಥ್ಯಾಂಕ್ಸ್ ಬೇಡ, ಹೊತ್ತು ಹೊತ್ತಿಗೆ ಊಟ ಮಾಡ್ಲಿ.”

“ನಾನೇನು ಪೋಸ್ಟಾಫೀಸಾ?” ಎಂದು ಹಲ್ಲಣ್ಣ ಸಿಡುಕುತ್ತಿದ್ದ. ಅಷ್ಟರಲ್ಲಿ ಗುಂಡು ತಗುಲಿ ಬೀಳುತ್ತಿದ್ದ. ಗುಬ್ಬಿ ಬಂದು ಎಬ್ಬಿಸುತ್ತಿದ್ದಳು. ಕಂಟ್ರೋಲರನ್ನು ಹೆಂಡತಿಯ ಕೈಗೆ ಕೊಡಲು ಅವನು ಬಹಳ ಸಲ ನೋಡಿದ. “ನೀನೇ ಮಾತಾಡೇ, ನೇರವಾಗಿ.” ಅತ್ತಿಗೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. “ಹೊಡೆಯೋ ಕೈ ಅಲ್ಲ ನಂದು.”

ಒಂದು ಮಧ್ಯಾಹ್ನ ಊಟದ ಡಬ್ಬಿ ಮೇಲೆ ಹೋಯಿತು. ಖಾಲಿ ಡಬ್ಬಿ ಕೆಳಗೆ ಬರಲಿಲ್ಲ. ಅತ್ತಿಗೆ ಹೋಗಿ ನೋಡಿದಾಗ ಅವನು ಮೇಜಿಗೆ ತಲೆಯಿಟ್ಟು ಒರಗಿದ್ದ. ಮುಂದೆ ಯಾರದೋ ಫೋಟೋ ಇತ್ತು, ಒಲೆ ಉರಿಯುತ್ತಲೇ ಇತ್ತು. ಹೃದಯ ಎಂದರು ಡಾಕ್ಟರು. ಡಬ್ಬಿಯಲ್ಲಿ ಊಟ ಮುಕ್ಕಾಲು ಪಾಲು ಮುಗಿದಿತ್ತು. “ಉಂಡೇ ಹೋಗಿದಾರೆ ಅಣ್ಣಾ,” ಎಂದು ಅತ್ತಿಗೆ ಅದನ್ನೇ ಎಲ್ಲರಿಗೂ ಹೇಳಿದರು.

ಗುಬ್ಬಿ ಬಂದಳು. ಬಂದವರೆಲ್ಲ ಹೋದ ಮೇಲೂ ಕೆಲವು ದಿನ ಇದ್ದಳು. ತಾಯಿ ಮಗಳು ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಎದುರಾಗದಂತೆ ಓಡಾಡಿದರು. ಒಬ್ಬರು ಅಡುಗೆಮನೆಗೆ ಬಂದರೆ ಇನ್ನೊಬ್ಬರು ನಡುಮನೆಗೆ. ಇಬ್ಬರಿಗೂ ಹೇಳಲು ಬೆಟ್ಟದಷ್ಟಿತ್ತು, ನಡುವಿನ ಪೋಸ್ಟಾಫೀಸು ಮುಚ್ಚಿತ್ತು. ಹೊರಡುವ ದಿನ ಗುಬ್ಬಿ ಚೀಲ ಹಿಡಿದು ನಿಂತಿದ್ದಾಗ ಅತ್ತಿಗೆ ನನ್ನ ಕಡೆ ತಿರುಗಿ, “ಅವಳಿಗೆ ಹೇಳಿ ಅಣ್ಣಾ, ಬಸ್ಸಿಗೆ ಹೊತ್ತಾಗುತ್ತೆ,” ಎಂದರು.

“ನೀವೇ ಹೇಳಿ ಅತ್ತಿಗೆ,” ಎಂದೆ.

ಅವರು ಚೀಲದ ಧೂಳನ್ನು ಸೆರಗಿನಿಂದ ಒರಸಿ ಒಳಗೆ ಹೋದರು. ಗುಬ್ಬಿ ಹೊರಟುಹೋದಳು. ಬಸ್ಸಿನಲ್ಲಿ ಕೂತು ಕಿಟಕಿಯಿಂದ ನನಗೆ ಹೇಳಿದಳು, “ಅಪ್ಪ ಇಲ್ಲದ ಮನೆಗೆ ನಾನು ಬಂದು ಏನು ಮಾಡ್ಲಿ ಮಾಮ? ಅಮ್ಮ ನನ್ನ ಹತ್ರ ಮಾತಾಡಲ್ಲ.” ಅವಳು ಇನ್ನು ಬರಲಾರಳು ಎಂದು ನನಗೆ ನಿಜವಾಗಿಯೂ ಭಯವಾಯಿತು. ಹಲ್ಲಣ್ಣ ತನ್ನ ಅರೆಕುರುಡು ಗುರಿಯಿಂದ ಗಳಿಸಿದ್ದು ಮಗಳ ಮಾತೊಂದೇ, ಅದೂ ಅವನ ಜೊತೆಗೇ ಹೋಗುವುದರಲ್ಲಿತ್ತು.

ಆಮೇಲಿನದು ಮತ್ತೆ ಫೋನು, ಮತ್ತೆ ‘ಹೂಂ’. ಚಳಿ ಕಳೆಯಿತು. ಒಂದು ಭಾನುವಾರ ಬೆಳಗ್ಗೆ ಅತ್ತಿಗೆ ನನ್ನನ್ನು ಕರೆಸಿದರು. ಪಾತ್ರೆ ತುಂಬ ಬಟಾಣಿ ಹಾಗೇ ಇತ್ತು. ಅವರು ಕೆಳಗೆ ಕೂತಿರಲಿಲ್ಲ, ಹಲ್ಲಣ್ಣನ ಕುರ್ಚಿಯ ಅಂಚಿನಲ್ಲಿ ಕೂತಿದ್ದರು.

“ಆ ಪೆಟ್ಟಿಗೆ ಹಾಕೋಕೆ ಬರುತ್ತಾ ಅಣ್ಣಾ ನಿಮಗೆ?”

ಬರುತ್ತಿತ್ತು. ವಯರ್ ಸಿಕ್ಕಿಸಿ ಹಾಕಿದೆ. ಪರದೆಯ ಮೂಲೆಯಲ್ಲಿ ಗುಬ್ಬಿ ಎಂಬ ಹೆಸರಿನ ಪಕ್ಕ ಹಸಿರು ಚುಕ್ಕೆ ಉರಿಯುತ್ತಿತ್ತು. ಅವಳು ಅಲ್ಲಿದ್ದಳು. ತಿಂಡಿ ಆದ ಮೇಲಿನ ಅದೇ ಹೊತ್ತಿಗೆ.

“ಮೊದಲು ಅವಳಿಗೊಂದು ಫೋನ್ ಮಾಡಿ ಅತ್ತಿಗೆ. ಅಪ್ಪನ ಹೆಸರು ಕಂಡರೆ ಹೆದರಿಬಿಡ್ತಾಳೆ.”

“ಫೋನಲ್ಲಿ ಹೂಂ ಅಂತಾಳೆ,” ಎಂದು ಕೈ ಚಾಚಿದರು. ಕಂಟ್ರೋಲರ್ ಕೊಟ್ಟೆ. ಬಿಸಿ ಪಾತ್ರೆ ಹಿಡಿಯುವ ಹಾಗೆ ಎರಡೂ ಕೈಯಿಂದ ಹಿಡಿದರು.

ಆಟ ತೆರೆದುಕೊಂಡಿತು. ಹಲ್ಲಣ್ಣ ಬಂದಿದ್ದಾನೆ ಎಂದು ಪರದೆಯ ಮೇಲೆ ಅಕ್ಷರ ಮೂಡಿತು. ಆ ಕಡೆಯಿಂದ ಉಸಿರು ಒಳಗೆಳೆದುಕೊಂಡ ಸದ್ದು ಮಾತ್ರ ಕೇಳಿಸಿತು.

“ನಾನು ಕಣೇ,” ಎಂದರು ಅತ್ತಿಗೆ. “ನಾನು, ಅಮ್ಮ. ಗಾಬರಿಯಾಗ್ಬೇಡ.”

ಪರದೆಯ ತುಂಬ ನೀಲಿ ಆಕಾಶವಿತ್ತು, ಒಂದು ಮೋಡವಿತ್ತು. ಆಮೇಲೆ ಮೂಗು ಒರಸಿಕೊಂಡ ಸದ್ದು.

“ಅಮ್ಮಾ... ತಲೆ ಕೆಳಗೆ ಮಾಡು. ಆಕಾಶ ನೋಡ್ತಾ ನಿಂತಿದೀಯ.”

“ಯಾವ ಗುಂಡಿ ಒತ್ತಬೇಕು ಅಂತ ನನಗೇನು ಗೊತ್ತು? ನೀನು ಎಲ್ಲಿದೀಯ ಹೇಳು, ಅಲ್ಲಿಗೆ ಬರ್ತೀನಿ. ನೀರಿನ ಟ್ಯಾಂಕಿನ ಹಿಂದೆ ತಾನೇ? ಅಲ್ಲೇ ಇರು. ಮೇಲಿನ ಕಿಟಕಿ ನೋಡ್ಕೋ. ನಾನು ಯಾರಿಗೂ ಹೊಡೆಯಲ್ಲ, ಈಗಲೇ ಹೇಳಿದೀನಿ.”

“ಬಲಗೈ ಹೆಬ್ಬೆರಳಮ್ಮ. ಮೆಲ್ಲಗೆ. ಹಾಂ, ಹಾಗೆ... ಅಮ್ಮ, ಅದು ಗೋಡೆ.”

“ಗೋಡೆ ಅಂತ ನನಗೂ ಕಾಣುತ್ತೆ.”

ಗುಬ್ಬಿ ನಕ್ಕಳು. ಅಳುವಿನ ನಡುವೆ ನಕ್ಕಳು. ಅತ್ತಿಗೆ ಗೋಡೆ ಸವರಿಕೊಂಡು, ಚರಂಡಿಗೆ ಬಿದ್ದು, ಎದ್ದು, ನಡುಬೀದಿಯಲ್ಲಿ ನಡೆದರು. ಯಾರೋ ಹೊಡೆದರು. “ಅಯ್ಯೋ, ಬಿದ್ದೆ ಕಣೇ,” ಎಂದರು. “ಇರು, ಬಂದೆ,” ಎಂದು ಗುಬ್ಬಿ ಓಡಿಬಂದು ಎಬ್ಬಿಸಿ, ಮುಂದೆ ನಡೆದು ದಾರಿ ತೋರಿಸುತ್ತ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋದಳು. ಇಬ್ಬರೂ ಪಕ್ಕಪಕ್ಕ ಕೂತರು. ಸದ್ದಡಗಿತು.

“ತಿಂಡಿ ಏನು ತಿಂದೆ?” ಎಂದು ಕೇಳಿದರು ಅತ್ತಿಗೆ.

ನಾನು ‘ಹೂಂ’ಗಾಗಿ ಕಾದೆ.

“ತಿಂಡಿ ಎಲ್ಲಮ್ಮ ತಿನ್ನೋದು,” ಎಂದಳು ಗುಬ್ಬಿ. “ನಿನ್ನೆ ವಾರ್ಡಲ್ಲಿ ಒಂದು ಪುಟ್ಟ ಮಗು ಸೇರಿದೆ. ಅದಕ್ಕೆ ಇಂಜೆಕ್ಷನ್ ಅಂದ್ರೆ...”

ನಾನು ಬಟಾಣಿಯ ಪಾತ್ರೆಯನ್ನು ಹತ್ತಿರಕ್ಕೆಳೆದುಕೊಂಡು ಸುಲಿಯತೊಡಗಿದೆ. ಅತ್ತಿಗೆಯ ಹೆಬ್ಬೆರಳು ಜಾರಿ ಪರದೆಯ ಮೇಲೆ ಮತ್ತೆ ಆಕಾಶ ಬಂದಿತ್ತು. ಅವರು ಅದನ್ನೇ ನೋಡುತ್ತ, ಬಂದೂಕು ಹಿಡಿದುಕೊಂಡೇ, “ಆಮೇಲೆ?” ಎಂದರು.